ಬಾಗಿಲ ಬಳಿ ಅರ್ಧ ಬಕೆಟ್ ನೀರು

ಬೆಳಿಗ್ಗೆ ಎಂದಿನಂತೆ ಓವನ್ನಿನ ದೀಪ ಆರಿಸಿ, ರಾತ್ರಿಯಿಡೀ ಅದರೊಳಗೆ ಬೆಚ್ಚಗಿಟ್ಟಿದ್ದ ದೋಸೆ ಹಿಟ್ಟನ್ನು ಹೊರತೆಗೆದೆ. ಆದರೂ ಸರಿಯಾಗಿ ಉಬ್ಬಿರಲಿಲ್ಲ. ಮಗಳನ್ನು ಸ್ಕೂಲಿಗೂ ಯಜಮಾನರನ್ನು ರೆಡ್‌ವುಡ್ ಸಿಟಿಯ ಆಫೀಸಿಗೂ ಕಳಿಸಿ, ಕಾಫಿ ಲೋಟ ತೊಳೆದು ಫೋನು ನೋಡಿದರೆ ಸಂಪಾದಕರ ಮೆಸೇಜು. ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರುತ್ತಿದೆ. ಚಿನ್ನದ ಆಸೆಗೆ ಜನ ಎತ್ತಿನ ಗಾಡಿ ಕಟ್ಟಿಕೊಂಡು ನಾವೀಗಿರುವ ಈ ಕ್ಯಾಲಿಫೋರ್ನಿಯಾಕ್ಕೆ ಬಂದ ಕಾಲದ ಪ್ರೇಮಕಥೆ.

“ಮೇಡಂ, ನಿಮ್ಮ ಹೀರೋಯಿನ್ ಬರೀ ಬಟ್ಟೆ ಒಗೀತಾಳೆ, ರೊಟ್ಟಿ ಸುಡ್ತಾಳೆ. ಲವ್ ಎಲ್ಲಿ? ಆ ನೀರಿನ ಸೀನ್ ತೆಗೆದು ಒಂದು ಮುತ್ತು ಹಾಕಿ. ಇಲ್ಲಿ ಬೆಳಗಾಗೋದ್ರೊಳಗೆ ಬೇಕು.”

ಕಥೆಯ ಹುಡುಗ ದಿನಾ ಅವಳು ಏಳುವ ಮೊದಲೇ ಹಳ್ಳದಿಂದ ನೀರು ಹೊತ್ತು ತಂದು ಅವಳ ಬಾಗಿಲಲ್ಲಿಟ್ಟು ಹೋಗುತ್ತಾನೆ. ಮಾತಿಲ್ಲ. ಕಳೆದ ಕಂತಿನಲ್ಲಿ ಅವನ ಕೈಗೆ ಕೊಡಲಿ ತಗುಲಿತ್ತು. ಈ ಕಂತಿನಲ್ಲಿ, ಅವನಿನ್ನು ಬರಲಾರ ಎಂದುಕೊಂಡು ಅವಳು ಬಾಗಿಲು ತೆಗೆದರೆ, ಅಲ್ಲಿ ಅರ್ಧ ಬಕೆಟ್ ನೀರು. ತೆಗೆಯಬೇಕಾದದ್ದು ಇದನ್ನು.

ಆ ಕಾಲದ ಹೆಂಗಸರ ಡೈರಿಗಳನ್ನು ಇಲ್ಲೇ ನಮ್ಮೂರು ಡ್ಯಾನ್‌ವಿಲ್‌ನ ಲೈಬ್ರರಿಯಲ್ಲಿ ಕೂತು ಓದಿದ್ದೇನೆ. ಸೌದೆ ಒದ್ದೆ, ಕೈ ಬಿರುಕು, ನೀರು ದೂರ. ಪ್ರೀತಿಯ ಮಾತು ಹುಡುಕಿದರೂ ಸಿಗುವುದಿಲ್ಲ. ನೀರು ಅಷ್ಟು ದೂರವಿರುವಾಗ ಕೇಳದೆಯೇ ತಂದಿಡುವವನು ಬಾಯಿಬಿಟ್ಟು ಇನ್ನೇನು ಹೇಳಬೇಕು? ಇದನ್ನೇ ಸಂಪಾದಕರಿಗೆ ಟೈಪು ಮಾಡಿದೆ. ಅಳಿಸಿದೆ. ಮತ್ತೆ ಟೈಪು ಮಾಡಿ ಮತ್ತೆ ಅಳಿಸಿದೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ತಿದ್ದು ಎಂದರೆ ತಿದ್ದುವುದನ್ನು ಕಲಿಸಿದ್ದರು. ಯಾಕೆ ಎಂದು ಕೇಳುವುದನ್ನು ಕಲಿಸಲಿಲ್ಲ.

ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ಡ್ರೈಯರಿನಿಂದ ಬಟ್ಟೆ ತೆಗೆದು ಮಡಚಿದೆ. ಸ್ಕೂಲಿನಿಂದ ಬಂದ ಮಗಳು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ.

“ಅಮ್ಮಾ, ಜಸ್ಟ್ ಲೆಟ್ ದೆಮ್ ಕಿಸ್,” ಎಂದು ಸೇಬು ಕಚ್ಚುತ್ತ ಮೆಟ್ಟಿಲು ಹತ್ತಿದಳು.

ಕೊನೆಗೆ ಬರೆದೆ. ಹಳ್ಳದ ದಂಡೆ, ಮುಳುಗುವ ಸೂರ್ಯ, ಮುತ್ತು. ಧೂಳಿನ ಊರಿನಲ್ಲಿ ಇಬ್ಬರೂ ಆಗತಾನೇ ಸ್ನಾನ ಮಾಡಿ ಬಂದವರಂತೆ ಕಾಣುತ್ತಿದ್ದರು. ನೀರಿನ ಪ್ರಸಂಗವನ್ನು ಪೂರ್ತಿ ತೆಗೆದು ಕಳಿಸಿಬಿಟ್ಟೆ. ಉತ್ತರವಾಗಿ ಹಳದಿ ಬಣ್ಣದ ಒಂದು ಹೆಬ್ಬೆರಳು ಬಂತು, ಅಷ್ಟೇ. ಅಷ್ಟು ಬೇಗ ಓದಿರಲಿಕ್ಕೂ ಸಾಧ್ಯವಿರಲಿಲ್ಲ.

ಸಂಜೆ ಕಸದ ಡಬ್ಬಿ ಒಳಗೆ ತರಲು ಹೊರಗೆ ಬಂದೆ. ಪಕ್ಕದ ಮನೆಯ ಎಂಜಿನಿಯರ್‌ನ ತಾಯಿ, ಧಾರವಾಡದವರು, ಪೈಪು ಹಿಡಿದು ಪುದೀನಕ್ಕೆ ನೀರು ಬಿಡುತ್ತಿದ್ದರು. ಧಾರಾವಾಹಿಯನ್ನು ಅವರು ವಾರವಾರ ಫೋನಿನಲ್ಲಿ ಓದುತ್ತಾರೆಂದು ನನಗೆ ಗೊತ್ತಿತ್ತು. ಗಿಡದಿಂದ ಕಣ್ಣು ತೆಗೆಯದೆಯೇ ಕೇಳಿದರು:

“ಆ ಹುಡುಗನ ಕೈಗೆ ಕೊಡ್ಲಿ ಏಟು ಬಿತ್ತಲ್ರೀ, ಪಾಪ. ಈ ಸಲ ಆಕಿಗೆ ನೀರು ಯಾರ್ ತಂದ್ ಇಡ್ತಾರ?”