ನನ್ನ ಷಡ್ಡಕನ ಪೇಟೆಂಟು

ಇವತ್ತು ಬೆಳಿಗ್ಗೆ ಗಡ್ಡ ಕೆರೆಯಲು ಕನ್ನಡಿಯ ಮುಂದೆ ನಿಂತಿದ್ದೆ. ನೊರೆ ಹಚ್ಚಿದ ಗಲ್ಲಕ್ಕೆ ಎಲ್ಲಿಂದಲೋ ಒಂದು ಕೂದಲು ಬಂದು ಅಂಟಿಕೊಂಡಿತು. ಉದ್ದನೆಯ ಕೂದಲು, ಮಗಳದ್ದು. ಅವಳು ಈ ಕನ್ನಡಿಯ ಮುಂದೆಯೇ ತಲೆ ಬಾಚುವುದು. ಎಷ್ಟು ಹೇಳಿದರೂ ಕೇಳುವುದಿಲ್ಲ. ಬೈಯಬೇಕೆಂದು ಬಾಯಿ ತೆಗೆದವನು ಕೂದಲನ್ನು ಬೆಳಕಿಗೆ ಹಿಡಿದು ನೋಡಿದೆ, ಆಮೇಲೆ ಮೂಸಿಯೂ ನೋಡಿದೆ. ಬಾಟಲಿ ಎಣ್ಣೆಯ ಸೆಂಟಿನ ವಾಸನೆ. ನಮ್ಮ ಮನೆಯಲ್ಲಿ ಹಿಂದೆ ಇದ್ದ ವಾಸನೆ ಇದಲ್ಲ.

ಬೆಳಿಗ್ಗೆ ಎದ್ದು ಕೂದಲು ಮೂಸುವ ಗಂಡಸು ಎಂದು ನಗಬೇಡಿ. ಒಂದು ಕೂದಲಿನ ದೆಸೆಯಿಂದ ನಾನು ಎಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದೇನೆ ಎಂದು ಹೇಳಿದರೆ ನೀವೂ ಮೂಸುತ್ತೀರಿ. ಅದೂ ಅಲ್ಲದೆ ಇವತ್ತು ಹಿರಿಯರ ಹಬ್ಬ. ನನ್ನ ಹೆಂಡತಿ ರಾಜಮ್ಮ ಹೋದ ಮೇಲೆ ಅವಳಿಗೆ ಎಡೆ ಇಡುವ ಮೂರನೆಯ ವರ್ಷ. ಅವಳ ತಂಗಿ ಗಿರಿಜೆಯೂ, ಗಿರಿಜೆಯ ಗಂಡ ಮಹದೇವನೂ ಬೆಂಗಳೂರಿನಿಂದ ಬರುವವರಿದ್ದರು. ಮಹದೇವ ಎಂದರೆ ನನ್ನ ಷಡ್ಡಕ. ಉರಿ ಎಂದೆನಲ್ಲ, ಅದು ಅವನ ಮೇಲೆ.

ಅಣ್ಣತಮ್ಮಂದಿರಾದರೆ ಜಗಳವಾಡಿ ಹೊಲ ಮನೆ ಪಾಲು ಮಾಡಿಕೊಳ್ಳಬಹುದು. ಷಡ್ಡಕರಿಗೆ ಪಾಲು ಮಾಡಿಕೊಳ್ಳಲು ಮಾವನ ಮನೆಯ ಮರ್ಯಾದೆಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಅದನ್ನು ಪಾಲು ಮಾಡಿದರೆ ಇಬ್ಬರಿಗೂ ಸಾಲುವುದಿಲ್ಲ. ಯಳಂದೂರಿನ ನಮ್ಮ ಮಾವನ ಮನೆಯಲ್ಲಿ ಆ ಮರ್ಯಾದೆ ಇದ್ದದ್ದು ಮೊದಲ ಎಲೆಯಲ್ಲಿ. ಹಬ್ಬದ ದಿನ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕುತ್ತಾರೆ. ದೇವರ ಕೋಣೆಯ ಬಾಗಿಲ ಪಕ್ಕದ್ದು ಮೊದಲ ಎಲೆ. ಅದು ಹಿರಿಯ ಅಳಿಯನದು, ಅಂದರೆ ನನ್ನದು.

ನಾನು ಏಳನೇ ಕ್ಲಾಸಿಗೆ ಸ್ಲೇಟು ಬಿಸಾಡಿದವನು. ನಮ್ಮೂರು ಕೊಳ್ಳೇಗಾಲ ಆಗ ಮದ್ರಾಸು ಸೀಮೆಗೆ ಸೇರಿತ್ತು, ಕೆಲಸ ಕಲಿಯಬೇಕೆಂದರೆ ಕೊಯಮತ್ತೂರು. ಅಲ್ಲಿ ಬೈಗುಳ ತಿಂದು, ಲೋಹ ಕಡೆಯುವ ಲೇತ್ ಕೆಲಸ ಕಲಿತು ಬಂದು ಹನೂರು ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದೆ. ಪಂಪಿನ ಶಾಫ್ಟು, ರೇಷ್ಮೆ ಬಿಚ್ಚುವ ಚರಕದ ಹಲ್ಲುಚಕ್ರ, ಕಾಮಗೆರೆ ಆಸ್ಪತ್ರೆಯ ಮಂಚದ ಗಾಲಿ, ಏನು ತಂದರೂ ಮಾಡಿಕೊಟ್ಟೆ. ಯಳಂದೂರು ಮೈಸೂರು ಸೀಮೆ. ಹಾಗಾಗಿ ಮಾವ ನನ್ನನ್ನು ಮದ್ರಾಸು ಅಳಿಯ ಎಂದು ಛೇಡಿಸುತ್ತಿದ್ದರು. ಛೇಡಿಸಿದರೂ ಮೊದಲ ಎಲೆಗೆ ಕೈಹಿಡಿದು ಕೂರಿಸುತ್ತಿದ್ದರು. ಐವತ್ತಾರರಲ್ಲಿ ನಮ್ಮ ತಾಲ್ಲೂಕು ಮೈಸೂರಿಗೆ ಸೇರಿತು, ಆ ತಮಾಷೆ ಮುಗಿಯಿತು. ಅದರ ಹಿಂದೆಯೇ ಗಿರಿಜೆಯ ಮದುವೆಯಾಯಿತು, ನನ್ನ ನೆಮ್ಮದಿಯೂ ಮುಗಿಯಿತು.

ಮಹದೇವ ಬಂಡಳ್ಳಿಯವನು. ಬೆಂಗಳೂರಿನಲ್ಲಿ ಓದಿ, ಅಲ್ಲೇ ಅಳತೆಯ ಯಂತ್ರಗಳನ್ನು ಮಾಡುವ ಒಂದು ಕಾರ್ಖಾನೆಗೆ ಸೇರಿದ್ದ. ಬೈಯುವುದಕ್ಕೆ ಅವನಲ್ಲಿ ಏನಾದರೂ ಸಿಕ್ಕಿದ್ದರೆ ನಾನು ಎಷ್ಟೋ ಸುಖವಾಗಿರುತ್ತಿದ್ದೆ. ಅಹಂಕಾರ ಇಲ್ಲ, ಇಸ್ಪೀಟು ಇಲ್ಲ, ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದ. ನನ್ನ ಶೆಡ್ಡಿಗೆ ಬಂದರೆ ಲೇತಿನ ಮುಂದೆ ಕೈಕಟ್ಟಿ ನಿಂತು, "ಎಷ್ಟು ನಯವಾಗಿ ಕಡ್ದಿದ್ದೀರಿ ಅಣ್ಣ" ಎನ್ನುತ್ತಿದ್ದ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎನ್ನುವುದು ಪಟ್ಟವರಿಗೇ ಗೊತ್ತು. ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಒಂದು ಯುಗಾದಿಗೆ ಅವನು ಅಂಗೈ ಅಗಲದ ಹಿತ್ತಾಳೆ ಡಬ್ಬಿಯೊಂದನ್ನು ತಂದ. ಮುಖಕ್ಕೆ ಗಾಜು, ಒಳಗೆ ಒಂದು ಮುಳ್ಳು. ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ಅದು ತೋರಿಸುತ್ತದಂತೆ. ಅದರಲ್ಲಿ ಅವನು ಮಾಡಿದ ಏನೋ ಸುಧಾರಣೆಗೆ ಸರ್ಕಾರದಿಂದ ಪೇಟೆಂಟು ಬಂದಿತ್ತು. ಆ ಉಪಾಯ ಇವನದು, ಬೇರೆ ಯಾರೂ ಕದಿಯಬಾರದು ಎಂದು ಬರೆದು ಮುದ್ರೆ ಒತ್ತಿದ ಕಾಗದ. ಹಕ್ಕೆಲ್ಲ ಕಾರ್ಖಾನೆಯದು, ನನ್ನದು ಹೆಸರು ಮಾತ್ರ ಎಂದು ಅವನೇ ಹೇಳಿದ. ಆದರೆ ಮಾವನ ಕಿವಿಗೆ ಬಿದ್ದದ್ದು ಮುದ್ರೆ ಎನ್ನುವುದೊಂದೇ.

ಮಾವ ರೇಷ್ಮೆ ಹುಳ ಸಾಕುವವರು. ಹುಳದ ಮನೆಯಲ್ಲಿ ತೇವ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಡಬ್ಬಿಯನ್ನು ಹುಳದ ತಟ್ಟೆಗಳ ಪಕ್ಕದ ಗೂಟಕ್ಕೆ ನೇತುಹಾಕಿದರು. ಒದ್ದೆ ಗೋಣಿ ಕಟ್ಟಿದರೆ ಮುಳ್ಳು ಏರಿತು, ಬಿಚ್ಚಿದರೆ ಇಳಿಯಿತು. ಬೀದಿಯ ಜನವೆಲ್ಲ ಬಂದು ನೋಡಿತು. ಮಧ್ಯಾಹ್ನ ಎಲೆ ಹಾಕಿದಾಗ ನಾನು ಎಂದಿನಂತೆ ದೇವರ ಕೋಣೆಯ ಕಡೆ ನಡೆದೆ. ಮಾವ ನನ್ನ ಭುಜದ ಮೇಲೆ ಮೆತ್ತಗೆ ಕೈಯಿಟ್ಟರು.

"ದೊಡ್ಡಳೀಮಯ್ಯ, ನೀವ್ ನಮ್ಮೋರು. ಚಿಕ್ಕೋರು ಇವತ್ತು ಅಲ್ಲಿ ಕೂತ್ಕಳ್ಳಿ."

ಮಹದೇವ, "ಬ್ಯಾಡಿ ಮಾವ, ಅದು ಅಣ್ಣನ ಜಾಗ" ಎಂದ. ಅದು ಇನ್ನೂ ಉರಿಯಿತು. ನಾನು ಎರಡನೆಯ ಎಲೆಗೆ ಕೂತೆ. ಆವತ್ತಿನ ಪಾಯಸಕ್ಕೆ ಬೆಲ್ಲ ಹಾಕಿದ್ದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇವತ್ತು ಅಂದದ್ದು ಇವತ್ತಿಗೇ ನಿಲ್ಲಲಿಲ್ಲ. ಮುಂದಿನ ಹಬ್ಬಗಳಲ್ಲೂ ಅದೇ ಸಾಲು ನಡೆಯಿತು.

ಆಮೇಲೆ ಅವನ ಪೇಟೆಂಟುಗಳು ಒಂದರ ಹಿಂದೆ ಒಂದು ಬಂದವು. ಪ್ರಯೋಗಶಾಲೆಯ ತಕ್ಕಡಿಗೊಂದು, ಜಮೀನು ಅಳೆಯುವ ದುರ್ಬೀನಿಗೊಂದು. ನಡುವೆ ಗಡಿಯಲ್ಲಿ ಯುದ್ಧವಾಯಿತು, ಅವನನ್ನು ಸೈನ್ಯದ ಕೆಲಸಕ್ಕೆ ಹಾಕಿಕೊಂಡರು. ತೇವದ ಡಬ್ಬಿ ಮದ್ದುಗುಂಡು ಇಡುವ ಕೋಠಿಗಳಿಗೂ ಹೋಯಿತಂತೆ, ಮದ್ದು ತೇವ ಹಿಡಿದರೆ ಕೆಡುತ್ತದಲ್ಲ. ಮುಂದೆ ಫಿರಂಗಿಯ ಗುರಿಗೂ ಏನೋ ಮಾಡಿದ. ಅದೇನೆಂದು ಕೇಳಿದರೆ ನಕ್ಕುಬಿಡುತ್ತಿದ್ದ.

"ಅದ ಏಳಂಗಿಲ್ಲ ಅಣ್ಣ. ಕಾಗದದಲ್ಲೂ ಗುಟ್ಟಾಗೇ ಇಟ್ಟವ್ರೆ."

ಮಾವನಿಗಂತೂ ಇಷ್ಟು ಸಾಕಾಯಿತು. ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ಕರೆದು ಹೇಳುತ್ತಿದ್ದರು: "ನಮ್ ಚಿಕ್ಕಳಿಯ ಮಿಲಿಟ್ರಿಗೆ ಒಂದ್ ಸಾಮಾನ್ ಮಾಡ್ಕೊಟ್ಟವ್ರೆ. ಏನು ಅಂತ ಮಾತ್ರ ಕೇಳ್ಬೇಡಿ ಕಣ್ರಪ್ಪ, ನಂಗೂ ಏಳಿಲ್ಲ!"

ಹೇಳಬಹುದಾದ ಕೆಲಸವನ್ನಾದರೆ ನಾನೂ ಮಾಡಿ ಸರಿಗಟ್ಟಿಯೇನು, ಹೇಳಲಾಗದ ಕೆಲಸದ ಜೊತೆ ಹೇಗೆ ಪೈಪೋಟಿ ಮಾಡುವುದು ನೀವೇ ಹೇಳಿ. ನಾನು ಮಾಡಿದ್ದೆಲ್ಲ ಕೊಳ್ಳೇಗಾಲದಿಂದ ಅಜ್ಜೀಪುರದವರೆಗೆ ಬಯಲಲ್ಲೇ ತಿರುಗುತ್ತಿತ್ತು. ಕಿರುಗುಟ್ಟಿದರೆ ವಾಪಸು ನನ್ನ ಹತ್ತಿರವೇ ಬರುತ್ತಿತ್ತು.

ಹುಳದ ಮನೆಯ ಹೊಗೆಗೆ ಡಬ್ಬಿ ಕಪ್ಪಾಗಿದೆ, ಉಜ್ಜಿ ತನ್ನಿ ಎಂದು ಒಂದು ಸಲ ಮಾವ ಅದನ್ನು ನನ್ನ ಕೈಗೆ ಕೊಟ್ಟರು. ಉಜ್ಜಿದೆ. ಉಜ್ಜಿದ ಮೇಲೆ ತಿರುಪು ಬಿಚ್ಚದೆ ಇರಲು ನಾನೇನು ಸನ್ಯಾಸಿಯೇ? ಒಳಗೆ ಸ್ಪ್ರಿಂಗು ಗಿಂಗು ತುಂಬಿರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಒಂದು ಕೂದಲು. ಮೇಲೊಂದು ಪುಟ್ಟ ಕೊಂಡಿ, ಕೆಳಗೆ ಮುಳ್ಳಿನ ಅಚ್ಚು, ನಡುವೆ ಬಿಗಿದ ಒಂದು ಕೂದಲು. ತೇವಕ್ಕೆ ಅದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅಷ್ಟೇ. ನನಗೆ ಸಂತೋಷ ತಡೆಯಲಾಗಲಿಲ್ಲ. ಮನೆಗೆ ಬಂದವನೇ ಕೈಕಾಲು ತೊಳೆಯುವ ಮೊದಲೇ ರಾಜಮ್ಮನಿಗೆ ಹೇಳಿದೆ.

"ಒಳಗೇನದೆ ಗೊತ್ತಾ? ಒಂದ್ ಕೂದ್ಲು! ಗಿರಿಜೆ ತಲೆ ಕೂದ್ಲಿಗೆ ಸರ್ಕಾರ ಮುದ್ರೆ ಒತ್ತಿ ಕೊಟ್ಟದೆ!"

ರಾಜಮ್ಮ ರಾಗಿ ಬೀಸುತ್ತಿದ್ದಳು. ಕೈ ನಿಲ್ಲಿಸಿ ನಕ್ಕಳು. "ಗಿರಿಜೇದಾ? ಅವಳ್ದು ಇಲಿ ಬಾಲ, ಅಷ್ಟುದ್ದ ಎಲ್ಲಿಂದ ಬಂದದು? ಅದು ನಂದು ಕಣ್ರೀ."

"ನಿಂದು?"

"ಊಂ. ಸಮವಾಗಿರೋ ಕೂದ್ಲು ಬೇಕು ಅಂದ್ನಂತೆ, ಗಿರಿಜೆ ಬಂದು ಕೇಳಿದ್ಲು. ಗೋಡೆ ಸಂದೀಲಿ ಸುತ್ತಿಟ್ಟಿದ್ನಲ್ಲ, ಒಂದುಂಡೆ ಕೊಟ್ಟೆ. ಪಿನ್ನು ಮಣಿ ಮಾರೋಳಿಗೆ ಕೊಡೋದ ನನ್ ತಂಗಿಗೆ ಕೊಟ್ಟೆ."

"ನಂಗೊಂದ್ ಮಾತು ಏಳ್ಬಾರ್ದಾ?"

"ಉದುರಿದ್ ಕೂದ್ಲಿಗೂ ನಿಮ್ಮಪ್ಪಣೆ ಬೇಕಾ? ತಲೇಲಿರೋದ ಕೊಡೋವಾಗ ಕೇಳ್ತೀನಿ ಬುಡಿ."

ಅವಳು ಮತ್ತೆ ಬೀಸಲು ಶುರುಮಾಡಿದಳು. ಮೊದಲ ಎಲೆ ಹೋಯಿತು, ಸರಿ. ಆ ಎಲೆಯನ್ನು ಅವನಿಗೆ ಗೆದ್ದುಕೊಟ್ಟದ್ದು ನನ್ನ ಹೆಂಡತಿಯ ಕೂದಲು! ನಾನು ಕಂಡಿರದ ಯಾವುದೋ ಗಡಿಯ ಕೋಠಿಯಲ್ಲಿ, ಮದ್ದಿನ ಪೆಟ್ಟಿಗೆಗಳ ನಡುವೆ, ಯಾವನೋ ಸಿಪಾಯಿಯ ಕಣ್ಣ ಮುಂದೆ ರಾಜಮ್ಮ ಹಿಗ್ಗುತ್ತ ಕುಗ್ಗುತ್ತ ಇದ್ದಾಳೆ. ಒಂದೇ ಉಂಡೆಯ ಕೂದಲು ಅಲ್ಲಿಗೆಲ್ಲ ಹೋಗಿರಲಾರದು ಎಂದು ಬುದ್ಧಿ ಹೇಳಿತು. ಹೊಟ್ಟೆಕಿಚ್ಚು ಬುದ್ಧಿಯ ಮಾತನ್ನು ಎಂದು ಕೇಳಿದೆ?

ನಾನೂ ಒಂದು ಮಾಡಿದೆ. ಬಿಡುವಿದ್ದಾಗಲೆಲ್ಲ ಕೂತು ಹಿತ್ತಾಳೆಯ ಗಟ್ಟಿಯನ್ನು ಲೇತಿಗೆ ಕೊಟ್ಟು ಡಬ್ಬಿ ಕಡೆದೆ. ಅವನದು ತಗಡಿನದು, ನನ್ನದು ಇಡಿಯಾಗಿ ಕಡೆದದ್ದು. ಅವನ ಕೊಂಡಿಯನ್ನು ಕದಿಯಲಿಲ್ಲ, ನನ್ನದೇ ಬೇರೆ ಬಗೆ ಮಾಡಿದೆ. ಮುಚ್ಚಳಕ್ಕೆ ಸಣ್ಣ ಮರೆ, ಮರೆಯಲ್ಲಿ ತೇವ ಬರಲು ಕಂಡಿಗಳು. ಬೇಡವಾದಾಗ ಮರೆಯನ್ನು ತಿರುಗಿಸಿ ಕಂಡಿ ಮುಚ್ಚಿ, ಪಂಪಿನ ರಬ್ಬರು ಬಳೆಯ ಮೇಲೆ ಬಿಗಿದರೆ ಗಾಳಿಯೂ ನುಸುಳಬಾರದು. ಕೊನೆಗೆ ರಾಜಮ್ಮನ ಮುಂದೆ ನಿಂತು ಕೇಳಿದೆ, "ಒಂದೆಳೆ ಕೊಡು. ಉದುರಿದ್ದು ಬ್ಯಾಡ. ತಲೆಯಿಂದ್ಲೇ ಕಿತ್ಕೊಡು."

ಅವಳು ನನ್ನ ಮುಖ ನೋಡಿದಳು. ಎಲ್ಲ ಗೊತ್ತಾಯಿತು ಅವಳಿಗೆ. "ಇರಿ, ಚೆಂದಾಗಿರೋದ ಕೊಡ್ತೀನಿ" ಎಂದು ಒಳಗೆ ಹೋಗಿ ಹರಳೆಣ್ಣೆ ಬಟ್ಟಲು ತಂದಳು. ತಲೆಗೆ ತಟ್ಟಿಕೊಂಡು, ಬುಡದಿಂದ ತುದಿಯವರೆಗೆ ನೀವಿಕೊಂಡು, ಬಾಚಿ, ಎಲ್ಲದಕ್ಕಿಂತ ಉದ್ದದ್ದನ್ನು ಹುಡುಕಿ ಕಿತ್ತಳು. ಎಣ್ಣೆಯಲ್ಲಿ ಅದು ಕರೀ ರೇಷ್ಮೆಯಂತೆ ಹೊಳೆಯುತ್ತಿತ್ತು. ನಮ್ಮ ಕಡೆ ಹೆಂಗಸು ಒಳ್ಳೆಯದೆಂದು ಒಂದು ಕೂದಲು ಕೊಡಬೇಕಾದರೆ ಎಣ್ಣೆಯಿಲ್ಲದೆ ಕೊಡುತ್ತಾಳೆಯೇ? ನಾನೂ ಅದನ್ನು ಹಾಗೇ ಕೊಂಡಿಗೆ ಬಿಗಿದೆ.

ಮುಂದಿನ ಯುಗಾದಿಗೆ ಯಳಂದೂರಿನ ಹುಳದ ಮನೆಯಲ್ಲಿ ಎರಡು ಡಬ್ಬಿಗಳೂ ಪಕ್ಕಪಕ್ಕ ತೂಗಿದವು. ನನ್ನದರ ಹೊಳಪಿಗೆ ಅವನದು ಮಂಕಾಯಿತು. ಮಾವ ಒದ್ದೆ ಗೋಣಿ ತರಿಸಿ ಕಟ್ಟಿಸಿದರು. ಮಹದೇವನ ಮುಳ್ಳು ಮೆಲ್ಲಗೆ ಏರಿತು. ನನ್ನದು ಇದ್ದಲ್ಲೇ ಇತ್ತು. ಇನ್ನೊಂದು ಗೋಣಿ ಕಟ್ಟಿದರು. ಅವನದು ಇನ್ನೂ ಏರಿತು, ನನ್ನದು ಇದ್ದಲ್ಲೇ.

"ಏನ್ ದೊಡ್ಡಳೀಮಯ್ಯ," ಮಾವ ಎಂದರು, "ನಿಮ್ ಮುಳ್ಳು ಹೊಟ್ಟೆ ತುಂಬ ಉಂಡು ಮಲೀಕಂಬುಡ್ತಾ?"

ಎಲ್ಲರೂ ನಕ್ಕರು. ಗಿರಿಜೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರಾಜಮ್ಮ ನಗಲಿಲ್ಲ. ಮಹದೇವ ನನ್ನನ್ನು ಹಿಪ್ಪುನೇರಳೆ ಗಿಡಗಳ ಹತ್ತಿರ ಕರೆದುಕೊಂಡು ಹೋದ.

"ಎಣ್ಣೆ ಅಣ್ಣ. ಎಣ್ಣೆ ಕುಡ್ದ ಕೂದ್ಲು ತೇವ ಕುಡಿಯಲ್ಲ. ನಾನು ಸ್ಪಿರಿಟ್ನಲ್ಲಿ ತೊಳ್ದು ಹಾಕದು. ಕೊಡಿ, ತೊಳ್ಕೊಡ್ತೀನಿ. ಡಬ್ಬಿ ಮಾತ್ರ ನಂದಕಿಂತ ಎಷ್ಟೋ ಚೆಂದಾಗದೆ."

"ತೊಳೆಯೋದು ಬ್ಯಾಡ, ಅಂಗೇ ಇರ್ಲಿ" ಎಂದೆ. ಅವನ ಸ್ಪಿರಿಟ್ಟಿನಲ್ಲಿ ತೊಳೆದ ಮೇಲೆ ಅದು ನನ್ನದಾಗಿ ಹೇಗೆ ಉಳಿಯುತ್ತದೆ? ತಿರುಗಿ ಬರುವಷ್ಟರಲ್ಲಿ ರಾಜಮ್ಮ ಡಬ್ಬಿಯನ್ನು ಗೂಟದಿಂದ ತೆಗೆದು, ಮರೆ ತಿರುಗಿಸಿ ಬಿಗಿದು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಆವತ್ತು ನಾನು ಎರಡನೆಯ ಎಲೆಗೂ ಕೂರಲಿಲ್ಲ. ಹೊಟ್ಟೆನೋವೆಂದು ಹೇಳಿ ಬಸ್ಸು ಹತ್ತಿದೆವು. ಡಬ್ಬಿ ಶೆಡ್ಡಿನ ಗೂಡು ಸೇರಿತು. ಅದನ್ನು ನಾನು ಮತ್ತೆ ಬಿಚ್ಚಲಿಲ್ಲ.

ಆಮೇಲೆ ಮಾವ ಹೋದರು. ರಾಜಮ್ಮನೂ ಹೋದಳು. ಮಹದೇವನಿಗೆ ಇನ್ನೂ ಪೇಟೆಂಟುಗಳು ಬಂದವಂತೆ.

ಇವತ್ತು ಕೂದಲು ಹಿಡಿದು ನಿಂತಾಗ ಆ ಡಬ್ಬಿ ನೆನಪಾಯಿತು. ಶೆಡ್ಡಿಗೆ ಹೋಗಿ ತಂದೆ. ಮಗಳು ಅವಳಮ್ಮನ ಎಡೆಗೆ ಸೀರೆ, ಬಾಚಣಿಗೆ, ಎಲೆಅಡಿಕೆ ಜೋಡಿಸುತ್ತಿದ್ದಳು. ಅದರ ಪಕ್ಕದಲ್ಲಿ ಡಬ್ಬಿಯನ್ನೂ ಇಟ್ಟೆ. ಮಧ್ಯಾಹ್ನದ ಬಸ್ಸಿಗೆ ಗಿರಿಜೆಯೂ ಮಹದೇವನೂ ಬಂದರು. ಅವನ ತಲೆ ಪೂರ್ತಿ ನೆರೆತಿದೆ. ಕೈಚೀಲದಿಂದ ಅವನು ತೆಗೆದದ್ದು ಏನೆಂದುಕೊಂಡಿರಿ? ಯಳಂದೂರಿನ ಹುಳದ ಮನೆಯಲ್ಲಿದ್ದ ಅದೇ ಡಬ್ಬಿ.

"ಒಳಗಿರೋ ಕೂದ್ಲು ಅತ್ತಿಗೇದಲ್ವಾ ಅಣ್ಣ. ಎಡೆಗಿಡಾನ ಅಂತ ತಂದೆ" ಎಂದ.

ಎರಡೂ ಮತ್ತೆ ಪಕ್ಕಪಕ್ಕ ಕೂತವು. ಮಗಳು ಹಬೆಯಾಡುವ ಅನ್ನ ತಂದು ಎಡೆಗೆ ಬಡಿಸಿದಳು. ಹಬೆಗೆ ಅವನ ಮುಳ್ಳು ಮೆಲ್ಲಗೆ ಏರತೊಡಗಿತು. ಸತ್ತ ಮೇಲೂ, ನನ್ನ ಮನೆಯಲ್ಲೇ, ತನ್ನ ಎಡೆಯ ಮುಂದೆಯೇ ಅವಳು ಅವನ ಡಬ್ಬಿಯಲ್ಲಿ ಅಲ್ಲಾಡುತ್ತಿದ್ದಾಳೆ! ನಿಮ್ಮಾಣೆ, ಯುಗಾದಿಯ ದಿನ ಉರಿದದ್ದಕ್ಕಿಂತ ಹೆಚ್ಚು ಉರಿಯಿತು.

"ಇದ್ರೊಳಗೂ ಅಕ್ಕನ್ ಕೂದ್ಲೇನಾ ಭಾವ? ತೆಗೀರಿ, ನೋಡ್ತೀನಿ" ಎಂದಳು ಗಿರಿಜೆ.

ನನ್ನ ಡಬ್ಬಿಯ ಮುಚ್ಚಳ ಬಿಗಿ ಹಿಡಿದಿತ್ತು. ಮೊಣಕಾಲಿಗೆ ಒತ್ತಿಕೊಂಡು ತಿರುಗಿಸಿದೆ. ಮುಚ್ಚಳ ಬಿಟ್ಟ ಕೂಡಲೇ ಹರಳೆಣ್ಣೆಯ ವಾಸನೆ ಬಂತು, ಸಣ್ಣಗೆ. ಅದರ ಹಿಂದೆ ತಲೆಯ ವಾಸನೆ, ಸೀಗೆಪುಡಿ ಹಾಕಿ ಮಿಂದು ಹಿತ್ತಲಲ್ಲಿ ಒಣಗಿಸಿಕೊಳ್ಳುವಾಗ ಬರುತ್ತಿದ್ದದ್ದು. ಮಗಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಗಿರಿಜೆ ಡಬ್ಬಿಯನ್ನು ಮುಖಕ್ಕೆ ಒತ್ತಿಕೊಂಡು, "ಅಕ್ಕಾ" ಎಂದು ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ನಿಮ್ದರಲ್ಲೂ ಇದ್ದದಾ ಈ ವಾಸ್ನೆ?"

"ಇಲ್ಲ," ಮಹದೇವ ಎಂದ. ಕನ್ನಡಕ ತೆಗೆದು ಒರೆಸಿಕೊಂಡ. "ನಂದ್ರಲ್ಲಿ ತೊಳ್ದುಬುಟ್ಟಿವ್ನಿ."

ಅವನ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಆ ಮುಖಭಾವ ನನಗೆ ಹೊಸದಲ್ಲ. ಎಷ್ಟೋ ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ, ನನ್ನ ಮುಖದ ಮೇಲೆ.

"ಇನ್ನೊಂಚೂರು ಹೊತ್ತು ತೆಗ್ದಿಡಿ ಅಣ್ಣ."

"ವಾಸ್ನೆ ಓಗ್ಬುಡ್ತದೆ ಕಣಪ್ಪ" ಎಂದು ಮುಚ್ಚಳ ಹಾಕಿ ಬಿಗಿದೆ. ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಗಿದೆ.

ಮಗಳು ಎಲೆ ಹಾಕಿದಳು. ಮನೆಯವನು ನಾನು, ಬಂದ ನೆಂಟನಿಗೆ ಮೊದಲ ಎಲೆ ಬಿಟ್ಟುಕೊಡುವುದು ನನ್ನ ಧರ್ಮ. ಕೈ ತೋರಿಸಿದೆ. ಮಹದೇವ ಆ ಎಲೆಯನ್ನು ದಾಟಿ ಎರಡನೆಯದಕ್ಕೆ ಹೋಗಿ ಕೂತ. "ಅದು ನಿಮ್ದು ಅಣ್ಣ" ಎಂದ, ತಲೆ ಎತ್ತದೆ. ಎರಡು ಸಲ ಬೇಡ ಅನ್ನಬೇಕಿತ್ತು, ನೆಂಟಸ್ತಿಕೆಗೆ. ಅನ್ನಲಿಲ್ಲ, ಹೋಗಿ ಕೂತೆ.

ಪಾಯಸಕ್ಕೆ ಬೆಲ್ಲ ಚೆನ್ನಾಗಿ ಬಿದ್ದಿತ್ತು. ಎಡೆಯ ಮುಂದೆ ಅವನ ಮುಳ್ಳು ಇನ್ನೂ ಅಲ್ಲಾಡುತ್ತಲೇ ಇತ್ತು. ಅತ್ತ ಕಡೆ ನೋಡದೆ ಉಂಡೆ.