ಬಾಗಿಲ ಹೊರಗಿನ ಬೆಂಚು

ಕೊಲ್ಲಿ ರಾಷ್ಟ್ರದ ಲುಸೈಲ್ ನಗರದ ಹೋಟೆಲೊಂದರ ಬಾರ್‌ಗೆ ಒಳಾಂಗಣ ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿನ ಮ್ಯಾನೇಜರ್ ಇಂಗ್ಲೆಂಡಿನವರು, ಉಕ್ಕಿನ ಕಾರ್ಖಾನೆಗಳ ಊರಲ್ಲಿ ಬೆಳೆದವರು. "ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿದ್ದ ಪಬ್ ಥರಾನೇ ಇರಬೇಕು" ಅಂದರು.

ನನಗೆ ನೆನಪಾದದ್ದು ದಾವಣಗೆರೆಯಲ್ಲಿ ಅಪ್ಪ ದುಡಿಯುತ್ತಿದ್ದ ಬಟ್ಟೆ ಗಿರಣಿಯ ಹಿಂದಿನ ಸಾರಾಯಿ ಅಂಗಡಿ. ಪಾಳಿ ಮುಗಿಸಿದ ಅಪ್ಪ ನೇರವಾಗಿ ಅಲ್ಲಿಗೇ ಹೋಗುತ್ತಿದ್ದ. ಕರಕೊಂಡು ಬಾ ಅಂತ ಅವ್ವ ನನ್ನನ್ನು ಅಟ್ಟುತ್ತಿದ್ದಳು. ಹುಡುಗಿ ಒಳಗೆ ಕಾಲಿಡುವಂತಿರಲಿಲ್ಲ. ಒಳಗಿನ ನಗು ಕೇಳುತ್ತಾ, ಹುರಿದ ಮೆಣಸಿನಕಾಯಿಯ ಘಾಟು ಕುಡಿಯುತ್ತಾ, ಕಾಲು ನೋಯುವವರೆಗೂ ಹೊರಗೆ ನಿಂತಿರುತ್ತಿದ್ದೆ.

ಹಾಗಾಗಿ ನಕ್ಷೆಯಲ್ಲಿ ಬಾಗಿಲ ಹೊರಗೆ ಒಂದು ಬೆಂಚು ಹಾಕಿದೆ. ಮ್ಯಾನೇಜರ್ ಅದನ್ನು ಹೊಡೆದುಹಾಕಿ ಕಳಿಸಿದರು. ನಾನು ಮತ್ತೆ ಹಾಕಿದೆ. ಮತ್ತೆ ಹೊಡೆದುಹಾಕಿದರು. ಮೂರನೇ ಸಲವೂ ಹಾಕಿದಾಗ ನನ್ನನ್ನೇ ಕರೆಸಿದರು.

"ಈ ಬೆಂಚು ಯಾರಿಗೆ?"

"ಒಳಗಿರುವವರನ್ನು ಮನೆಗೆ ಕರೆಯಲು ಬಂದವರಿಗೆ. ಇದೊಂದನ್ನು ಮಾತ್ರ ನಾನು ತೆಗೆಯೋದಿಲ್ಲ."

"ಇಲ್ಲಿಗೆ ಮಕ್ಕಳು ಬರೋ ಹಾಗೇ ಇಲ್ಲವಲ್ಲ!"

ನಾನು ಮಕ್ಕಳ ಮಾತೇ ಎತ್ತಿರಲಿಲ್ಲ.

"ನೀವೂ ಹೊರಗೆ ನಿಂತಿದ್ದಿರಾ?" ಅಂತ ಮೆಲ್ಲಗೆ ಕೇಳಿದೆ.

ಅವರು ನಕ್ಷೆಯಲ್ಲಿದ್ದ ಬೆಂಚಿನ ಮೇಲೆ ಬೆರಳಿಟ್ಟರು. "ಪ್ರತಿ ಶುಕ್ರವಾರ. ನನ್ನ ಜೊತೆ ತಂಗಿನೂ ಇರ್ತಿದ್ದಳು" ಅಂದರು.

ಆಮೇಲೆ ಪೆನ್ನು ತೆಗೆದರು. ಇನ್ನೊಮ್ಮೆ ಹೊಡೆದುಹಾಕುತ್ತಾರೆ ಅಂದುಕೊಂಡು ವಾದಕ್ಕೆ ಸಿದ್ಧಳಾದೆ. ಅವರು ಬೆಂಚಿನ ಹಿಂದೆ ಒಂದು ಗೆರೆ ಎಳೆದು ಹೇಳಿದರು: "ಒರಗೋದಕ್ಕೆ ಬೆನ್ನುಹಲಗೆ ಹಾಕಿ. ಅಪ್ಪಂದಿರು ಅಷ್ಟು ಬೇಗ ಹೊರಗೆ ಬರೋದಿಲ್ಲ."