ತಟ್ಟೆಯ ಸುತ್ತ ಎಡಗೈ

ಬೂದಿ ಹಾಕಿ ತೆಂಗಿನ ನಾರಿನಿಂದ ಕಂಚು ತಿಕ್ಕುವ ವಾಸನೆ ಬಂದರೆ ಸಾಕು, ಬಾಡ ಎಂಬ ಊರಿನ ನಮ್ಮ ಮನೆ ಕಣ್ಣೆದುರು ನಿಲ್ಲುತ್ತದೆ. ನಿಮ್ಮ ಹಳೆಯ ಮನೆಗೂ ಇಂಥದೊಂದು ವಾಸನೆ ಇದ್ದೀತು. ಈಗ ನಮ್ಮ ಆ ಮನೆಯಿಲ್ಲ, ಬಾವಿಕಟ್ಟೆ ಮಾತ್ರ ಉಳಿದಿದೆ. ನಲವತ್ಮೂರರ ಬೇಸಿಗೆ, ಮಧ್ಯಾಹ್ನದ ಊಟದ ಹೊತ್ತು. ಮನೆಯಲ್ಲಿದ್ದವರು ಅಜ್ಜಿ, ಅಮ್ಮ ಮತ್ತು ನಾನು. ಬ್ರಿಟಿಷ್ ಸರಕಾರದ ಟೆಲಿಗ್ರಾಫ್ ತಂತಿ ಕಡಿದು, ಜಂಗಲ್ ನಾಕೆಗಳನ್ನು, ಅಂದರೆ ಅರಣ್ಯ ಇಲಾಖೆಯ ಚೌಕಿಗಳನ್ನು, ಸುಟ್ಟ ಭೂಗತ ತಂಡದ ಮುಖಂಡನಾಗಿದ್ದ ಅಪ್ಪ ಬೆಳಗಾವಿಯ ಜೈಲಿನಲ್ಲಿದ್ದ. ಅದೇ ತಂಡದ ಚಿಕ್ಕಪ್ಪ ತದಡಿಯಲ್ಲಿ ಮೀನುಗಾರರ ಗುಡಿಸಲೊಂದರಲ್ಲಿ ಅಡಗಿದ್ದ. ಪೊಲೀಸರು ಕರೆದೊಯ್ಯುವ ಮುಂಚೆ ಅಪ್ಪ ಅಮ್ಮನಿಗೆ ಕಲಿಸಿದ್ದು ಒಂದೇ ಪಾಠ: “ಗುರುತಿಲ್ಲದವ ಎಂತ ಕೇಳಿದ್ರೂ ಗೊತ್ತಿಲ್ಲ ಅನ್ನು.” ಅಂದಿನಿಂದ ಬಳೆಗಾರ ಹೆಚ್ಚು ಹೊತ್ತು ಕೂತರೆ ನಮಗೆ ಸಂಶಯ, ಪಕ್ಕದ ಮನೆಯವಳು ಕರೆದು ಬಂಗಡೆ ಮೀನು ಕೊಟ್ಟರೂ ಸಂಶಯ.

ಆ ಮಧ್ಯಾಹ್ನ ಅಂಗಳಕ್ಕೆ ಬಂದವನ ತಲೆಗೂದಲನ್ನು ಬುಡಮಟ್ಟ ಕತ್ತರಿಸಲಾಗಿತ್ತು. ನಮ್ಮೂರ ಗಂಡಸರು ಜುಟ್ಟು ಬಿಡುತ್ತಿದ್ದ ಕಾಲ. ಇಂಥ ತಲೆ ಪೊಲೀಸರದ್ದೇ ಎಂದು ಅಮ್ಮ ತೀರ್ಮಾನಿಸಿದಳು.

“ಅತ್ತಿಗೆ, ನಾ ಅಣ್ಣನ ಸಂಗಡ ಜೈಲಲ್ಲಿದ್ದವ. ಅವರ ತಮ್ಮನ್ನ ತದಡಿಯಿಂದ ಬೇರೆ ಕಡೆ ಕಳಿಸ್ಬೇಕಂತೆ, ಅಣ್ಣನೇ ಹೇಳಿ ಕಳಿಸಿದ್ದು. ಜಾಗ ಪೊಲೀಸರಿಗೆ ಗೊತ್ತಾಗಿದೆ.”

“ತದಡಿಯಲ್ಲಿ ನಮಗ್ಯಾರಿದ್ದಾರೆ ಮಾರಾಯ್ರೆ? ನಂಗೆಂತ ಗೊತ್ತಿಲ್ಲ.”

ಒಳಗೆ ಅಜ್ಜಿ ಪಿಸುಗುಟ್ಟಿದಳು: “ನೀ ತದಡಿಗೆ ಓಡ್ಬೇಕು, ಅವ ಹಿಂದಿಂದ ಬರ್ಬೇಕು. ಎಂಥ ಹುಷಾರಿ ನೋಡು.”

ಆದರೂ ಊಟದ ಹೊತ್ತಿಗೆ ಬಂದವನನ್ನು ಹಸಿದು ಕಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಮ್ಮ ಕಂಚಿನ ತಟ್ಟೆಯಲ್ಲಿ ಬಡಿಸಿದಳು. ಅವನು ಎಡಗೈಯನ್ನು ತಟ್ಟೆಯ ಸುತ್ತ ಬಳಸಿ, ತಲೆ ಎತ್ತದೆ ಗಬಗಬ ಉಂಡ. “ಇವನ ಅನ್ನ ಯಾರು ಕಸಿತಾರೆ?” ಎಂದು ಅಜ್ಜಿ ಸೆರಗಿನಲ್ಲಿ ನಕ್ಕಳು. ಹೊರಡುವಾಗ ಅವನು, “ಅತ್ತಿಗೆ, ಇವತ್ತೇ ಆಗ್ಬೇಕು” ಎಂದ. “ಆತು, ಹೋಗಿ ಬನ್ನಿ” ಎಂದು ಅಮ್ಮ ಬಾಗಿಲು ಹಾಕಿಕೊಂಡಳು. ಅದೇ ವಾರ ಚಿಕ್ಕಪ್ಪ ಸಿಕ್ಕಿಬಿದ್ದ. ಮಳೆಗಾಲ ಮುಗಿಯುವುದರೊಳಗೆ ಜೈಲಿನಲ್ಲೇ ಜ್ವರದಿಂದ ತೀರಿಕೊಂಡ. ಉಂಡು ಹೋದವನೇ ಹಿಡಿಸಿಕೊಟ್ಟ ಎಂದು ಅಮ್ಮ ದಿನವೂ ಅವನಿಗೆ ಶಾಪ ಹಾಕುತ್ತಿದ್ದಳು.

ಎರಡು ವರ್ಷದ ಮೇಲೆ ಅಪ್ಪನ ಬಿಡುಗಡೆಯಾಯಿತು. ಅವನ ತಲೆಗೂದಲನ್ನೂ ಬುಡಮಟ್ಟ ಕತ್ತರಿಸಲಾಗಿತ್ತು. ಅಮ್ಮ ಅದೇ ಕಂಚಿನ ತಟ್ಟೆಯಲ್ಲಿ ಬಡಿಸಿದಳು. ಅಪ್ಪ ಎಡಗೈಯನ್ನು ತಟ್ಟೆಯ ಸುತ್ತ ಬಳಸಿ, ತಲೆ ಎತ್ತದೆ ಗಬಗಬ ಉಣ್ಣತೊಡಗಿದ. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು.

“ತಮ್ಮನ ವಿಷಯ ಒಬ್ಬನ ಹತ್ರ ಹೇಳಿ ಕಳಿಸಿದ್ದೆ. ಅವ ಬರ್ಲಿಲ್ವಾ?” ಅಪ್ಪ ಕೇಳಿದ.

“ಬಂದಿದ್ದ.”

“ನೀ ಎಂತ ಅಂದೆ?”

“ಗೊತ್ತಿಲ್ಲ ಅಂದೆ. ನೀವು ಹೇಳಿಕೊಟ್ಟ ಹಾಂಗೆ.”

ಅಪ್ಪ ಒಂದಗುಳೂ ಬಿಡದೆ ಉಂಡ. ಎಡಗೈ ಮಾತ್ರ ತಟ್ಟೆಯ ಸುತ್ತಲೇ ಇತ್ತು. ಅಮ್ಮ ಆ ತಟ್ಟೆಯನ್ನು ಬಾವಿಕಟ್ಟೆಗೆ ಒಯ್ದು, ಬೂದಿ ಹಾಕಿ, ಹೊಳಪು ಬಂದ ಮೇಲೂ ತಿಕ್ಕುತ್ತಲೇ ಇದ್ದಳು. ಆಮೇಲೆ ತೊಳೆದು, ಅಡುಗೆಮನೆಯ ಗೋಡೆಯ ಬದಿಗೆ ಮಗುಚಿ ಇಟ್ಟಳು.